ಕೊಯ್ಲಾದ ಗದ್ದೆಗೆ ಬೆಂಕಿ ಬೇಡ

ಮಾನ್ಯರೇ,

ದಾವಣಗೆರೆ, ಹರಿಹರ, ಮಲೇಬೆನ್ನೂರು ಭಾಗದ ಭದ್ರಾ ಅಚ್ಚುಕಟ್ಟಿನಲ್ಲಿ ಯಂತ್ರದಿಂದ ಭತ್ತ ಕೊಯ್ದ ಮೇಲೆ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವುದು ಮಾಮೂಲಾಗಿದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 5ರಿಂದ 8 ಕಿಲೊ ಸಾರಜನಕ, ಅದರ ಎರಡು ಪಟ್ಟಿಗೂ ಹೆಚ್ಚು ಪೊಟ್ಯಾಷ್ ಇರುತ್ತದೆ. ಸುಟ್ಟರೆ ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಗಾಳಿಗೊಂದಿಷ್ಟು, ನೀರಿಗೊಂದಿಷ್ಟು. ಕೀಟ ತಿನ್ನುವ ಜೇಡ, ಬದುವಿನ ಹಕ್ಕಿಗೂಡುಗಳನ್ನೂ ಬೆಂಕಿ ಬಿಡುವುದಿಲ್ಲ. ಅದೇ ರೈತ ಮರುತಿಂಗಳು ಗೊಬ್ಬರದಂಗಡಿ ಮುಂದೆ ಸಾಲು ನಿಲ್ಲುತ್ತಾನೆ!

ಹಾಗಂತ ಹುಲ್ಲನ್ನು ಉತ್ತು ತಕ್ಷಣ ನೀರು ನಿಲ್ಲಿಸುವುದೂ ತಪ್ಪು. ಗಾಳಿಯಾಡದ ಕೆಸರಿನಲ್ಲಿ ಕೊಳೆತರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಹೆಚ್ಚುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ನಾಟಿ ಮಾಡಿದ ಪೈರು ಹಳದಿಯಾಗುತ್ತದೆ. ಮಣ್ಣಿಗೆ ಹುಲ್ಲನ್ನು ಕತ್ತರಿಸಿ ಬೆರೆಸುವ ರೋಟವೇಟರ್ ಯಂತ್ರ ಹೊಡೆದು, ತೇವವಷ್ಟೇ ಉಳಿಸಿ, ಮೂರು ವಾರ ಕಳೆದ ಮೇಲೆ ನೀರು ಕಟ್ಟಬೇಕು. ಬೇಸಿಗೆ ಬೆಳೆಯ ನಂತರ ಈ ಬಿಡುವು ಸಿಗುತ್ತದೆ. ಮಳೆಗಾಲದ ಬೆಳೆಯಾದ ಮೇಲೆ ಕಷ್ಟ. ಆಗ ಹುಲ್ಲನ್ನು ಬೇಲರ್‌ನಲ್ಲಿ ಪೆಂಡಿ ಕಟ್ಟಿಸಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ದನಗಳಿಗೆ ಮಾರಬಹುದು. ನವೆಂಬರ್ ಕೊಯ್ಲಿಗೆ ಮುನ್ನವೇ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬೇಲರ್‌ಗಳು ಬಾಡಿಗೆಗೆ ಸಿಗುವಂತೆ ಇಲಾಖೆ ನೋಡಿಕೊಳ್ಳಲಿ.

– ಭತ್ತದ ಬೆಳೆಗಾರರು, ಹರಿಹರ ತಾಲ್ಲೂಕು