ಮಗಳಿಗೊಂದು ಪತ್ರ: ಬೇಲಿಯಾಚೆಯ ಕೂಸು

ಬೈಲಹೊಂಗಲ ತಾಲೂಕು
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ದೈವಶಾಸ್ತ್ರದ ಪದವಿ ಬಿ.ಟಿ.ಎಚ್. ಮುಗಿಯಿತು, ಇನ್ನೆರಡು ವರ್ಷ ಪುಣೆಯಲ್ಲೇ ಇದ್ದು ಅದರ ಮೇಲಿನ ಲೈಸೆನ್ಶಿಯೇಟ್ ಮಾಡಲೇ, ಮಾಡಿದರೆ ಬೈಬಲ್ ತೆಗೆದುಕೊಳ್ಳಲೋ, ಜನರ ಕಷ್ಟಸುಖದಲ್ಲಿ ಜೊತೆಗಿರುವುದನ್ನು ಕಲಿಸುವ ಪಾಲನಾ ದೈವಶಾಸ್ತ್ರವೋ ಎಂದು ಫೋನಿನಲ್ಲಿ ಕೇಳಿದಿ. ನಾನು ಸುಮ್ಮನಾದೆ. ಬಾಯಿಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸೋದರತ್ತೆ ಮೊನ್ನೆಯೂ ಅಂದಳು: "ಸಿಸ್ಟರೂ ಆಗೂದಿಲ್ಲ, ಫಾದರೂ ಆಗಾಕ ಬರೂದಿಲ್ಲ, ಮತ್ಯಾಕ ಅಷ್ಟು ಓದು?" 1970ರಲ್ಲಿ ಪೋಪ್ ಆರನೇ ಪೌಲ್ ಕ್ಯಾಥೋಲಿಕ್ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದ ಸಿಯೆನಾದ ಸಂತ ಕ್ಯಾಥರಿನ್ ಮಠ ಸೇರಿದವಳಲ್ಲ, ತನ್ನ ಮನೆಯಲ್ಲೇ ಇದ್ದವಳು ಎಂದು ಹೇಳಿದೆ. ಆಕೆಯ ಚಿಂತೆ ನಿನ್ನ ಮದುವೆಯದು, ಅದು ಬೇರೆ ಮಾತು.

ಹೋದ ಕ್ರಿಸ್‌ಮಸ್‌ಗೆ ನೀ ಬಂದಾಗ ಅಡಿಗೆಮನೆಯಲ್ಲಿ ಕೂತು ಒಂದು ಪುಟ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದ್ದಿ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಧರ್ಮಸಭೆಯ ಬೋಧನೆಯನ್ನೆಲ್ಲ ಒಟ್ಟುಮಾಡಿದ 1992ರ ಧರ್ಮೋಪದೇಶ ಗ್ರಂಥದ 1261ನೇ ಕಂಡಿಕೆ ಇದು ಎಂದಿ. ಅಂಥ ಕೂಸುಗಳು ಸ್ವರ್ಗಕ್ಕೂ ನರಕಕ್ಕೂ ನಡುವೆ ಇರುತ್ತವೆ ಎನ್ನುತ್ತಿದ್ದ ಲಿಂಬೋ ಎಂಬುದು ಎಂದೂ ನಂಬಲೇಬೇಕಾದ ಸಿದ್ಧಾಂತ ಆಗಿರಲಿಲ್ಲ, 2007ರಲ್ಲಿ ರೋಮಿನ ದೈವಶಾಸ್ತ್ರ ಆಯೋಗವೂ ಆ ಕೂಸುಗಳ ರಕ್ಷಣೆಯ ಭರವಸೆಗೆ ಗಟ್ಟಿ ಕಾರಣಗಳಿವೆ ಎಂದು ಬರೆಯಿತು ಎಂದಿ. ನಾನು ಎದ್ದು ಹಿತ್ತಲಿಗೆ ಹೋದೆ. ಎಮ್ಮೆಗೆ ಮೇವು ಹಾಕಲು ಹೋದೆ ಎಂದು ನೀವು ತಿಳಿದಿರಿ.

ನೀನಿನ್ನೂ ಹುಟ್ಟಿರಲಿಲ್ಲ. 1995ರ ಮುಂಗಾರು. ನಾನು ಊರಿನ ಕ್ರೈಸ್ತರಿಗೆ ಧರ್ಮಪಾಠ ಹೇಳುವ ಉಪದೇಶಿಯಾಗಿ ನಾಲ್ಕು ವರ್ಷ ಆಗಿತ್ತು. ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಮಾಡುವರು, ಉಳಿದದ್ದೆಲ್ಲ ನನ್ನ ಮೇಲೆ. ಕೆಳಗಿನ ಓಣಿಯ ಒಬ್ಬಾಕೆಗೆ ಗುರುವಾರ ಗಂಡು ಕೂಸು ಹುಟ್ಟಿತು, ಶನಿವಾರ ಹೋಯಿತು. ನಾನು ಬೀಜ ತರಲು ಬೈಲಹೊಂಗಲಕ್ಕೆ ಹೋಗಿದ್ದೆ. ತುರ್ತಿನಲ್ಲಿ ಯಾರಾದರೂ ಸರಿ, ಹಣೆಗೆ ನೀರು ಹೊಯ್ದು, ತ್ರಿತ್ವದ ಹೆಸರು ಹೇಳಿ ದೀಕ್ಷಾಸ್ನಾನ ಕೊಡಬಹುದು ಎಂಬುದನ್ನು ಆ ಮನೆಯವರಿಗೆ ನಾನು ಕಲಿಸಿರಲಿಲ್ಲ. ಕಲಿಸಬೇಕಾದವನು ನಾನೇ.

ಬಸಿದುಹೋದ ದನಿಯಲ್ಲಿ ಆಕೆ ಕೇಳಿದಳು: "ಮಾಸ್ತರ, ನನ್ನ ಕೂಸು ಈಗ ಎಲ್ಲೈತ್ರಿ?"

ನಾನು ಬಾಯಿಪಾಠ ಒಪ್ಪಿಸಿದೆ. ನರಕವಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ, ನಡುವೆ ಒಂದು ಜಾಗ ಅದೆ ಎಂದೆ. ಸಿಮೆಟ್ರಿಯ ಬೇಲಿಯಾಚೆ ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿಸಿದೆ. ಪ್ರಾರ್ಥನೆ ಹೇಳಲಿಲ್ಲ. ತಂದೆತಾಯಿಗೆ ದೀಕ್ಷಾಸ್ನಾನ ಕೊಡಿಸುವ ಮನಸ್ಸಿದ್ದರೆ ಅಂಥ ಕೂಸಿಗೂ ಧರ್ಮಸಭೆಯ ಅಂತ್ಯಕ್ರಿಯೆಗೆ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಅನುಮತಿ ಕೊಡಬಹುದು ಎಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲೇ ಇತ್ತಂತೆ. ಅದೂ ನಿನ್ನ ಬಾಯಿಂದಲೇ ತಿಳಿಯಿತು. ನಾನು ಆಕೆಗೆ ಹೇಳುವ ಹೊತ್ತಿಗೆ ಆ 1261ನೇ ಕಂಡಿಕೆಗೆ ಮೂರು ವರ್ಷ ತುಂಬುತ್ತ ಬಂದಿತ್ತು. ನಮ್ಮ ಓಣಿಗೆ ಬಂದಿರಲಿಲ್ಲ, ಅಷ್ಟೆ.

ಅದಕ್ಕೇ ಹೇಳುತ್ತೇನೆ, ಓದು ಮಗಳೇ. ಪಾಲನಾ ದೈವಶಾಸ್ತ್ರವನ್ನೇ ತೆಗೆದುಕೋ. ಗ್ರೀಕ್ ಬಿಡಬೇಡ, ಆದರೆ ಸಾವಿನ ಮನೆಯಲ್ಲಿ ಕೂತು ಮಾತಾಡುವುದನ್ನು ಕಲಿ, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನೂ ಕಲಿ. ಮತ್ತು ಕಲಿತದ್ದನ್ನು ಕನ್ನಡದಲ್ಲಿ ಬರೆ. ದೇಶನೂರಿನ ವಿರಕ್ತ ಮಠ ಎಂಬ ಕ್ರೈಸ್ತ ಆಶ್ರಮದಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ಕಾವಿ ಉಟ್ಟು, ನೆಲದ ಮೇಲೆ ಕೂತು ಪೂಜೆ ಮಾಡುವುದನ್ನು ಚಿಕ್ಕವಳಿದ್ದಾಗ ಕಣ್ಣರಳಿಸಿ ನೋಡಿದ್ದಿ. ಅವರು ಉಡುಗೆಯಲ್ಲಿ ಮಾಡಿದ್ದನ್ನು ನೀನು ಮಾತಿನಲ್ಲಿ ಮಾಡು. 2021ರಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸಕ್ಕೆ ಗಂಡು ಹೆಣ್ಣೆನ್ನದೆ ಅಧಿಕೃತ ಸೇವೆಯ ಸ್ಥಾನ ಕೊಟ್ಟರು. ಸ್ಥಾನ ಬಂತು, ನಮ್ಮ ಹಳ್ಳಿಯ ಉಪದೇಶಿಯ ಕೈಗೆ ಪುಸ್ತಕ ಬರಬೇಕು.

ರೊಕ್ಕದ ಚಿಂತೆ ಬೇಡ. ಈ ಸಲ ಕಡಲೆ ಚಲೋ ಬಂದಿದೆ.

ಇನ್ನೊಂದು. ಇವತ್ತು ಪೂಜೆ ಮುಗಿದ ಮೇಲೆ ಆ ಕೂಸಿನ ತಾಯಿಯ ಮನೆಗೆ ಹೋಗಿದ್ದೆ. ಮುದುಕಿಯಾಗಿದ್ದಾಳೆ, ಕಣ್ಣು ಮಂಜು. ಅವತ್ತು ನಾ ಹೇಳಿದ್ದು ತಪ್ಪು, ತಿಳಿಯದೆ ಹೇಳಿದೆ, ನಿನ್ನ ಕೂಸು ದೇವರ ಕೈಯಾಗ ಐತಿ ಎಂದು ಧೈರ್ಯವಾಗಿ ನಂಬು ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಹಂಗಾರ ಈಗ ಅದಕ್ಕ ಒಂದು ಹೆಸರು ಇಡಬಹುದೇನ್ರಿ ಮಾಸ್ತರ?"

ಮಗಳನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ. ಬೇಗ ಬರೆ.

ನಿನ್ನ ಅಪ್ಪ