ಹೆಸರಿನ ಕಥೆಗೆ ಮರುಳಾಗಬೇಡ, ತಮ್ಮಾ

ತಮ್ಮಾ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಥಾರ್ ಮರುಭೂಮಿಯ ಊರಹೆಸರುಗಳ ಬಗ್ಗೆ ಕನ್ನಡದಲ್ಲಿ ಒಬ್ಬ ಹುಡುಗ ಇಷ್ಟು ಪಟ್ಟು ಹಿಡಿದು ಬರೆದನಲ್ಲ ಅಂತ ಸಂತೋಷವಾಯಿತು. ಮೂರನೇ ಅಧ್ಯಾಯದ ಹೊತ್ತಿಗೆ ಸಿಟ್ಟೂ ಬಂತು. ಪುಸ್ತಕ ಎಷ್ಟು ಪುಟ ಇರಬೇಕು, ನಕ್ಷೆ ಎಲ್ಲಿ ಹಾಕಬೇಕು, ಪ್ರಕಾಶಕರನ್ನು ಹೇಗೆ ಒಪ್ಪಿಸಬೇಕು ಅಂತೆಲ್ಲ ಕೇಳಿದ್ದೀಯ. ಅದಕ್ಕೆ ಉತ್ತರ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ನನ್ನ ತಕರಾರು ಒಂದೇ: ಹೆಸರಿಗೊಂದು ಕಥೆ ಸಿಕ್ಕ ಕೂಡಲೇ ನೀನು ಹುಡುಕುವುದನ್ನು ನಿಲ್ಲಿಸಿಬಿಡುತ್ತೀಯ.

ಲೂಣಕರಣಸರದ ಪುಟ ತೆಗೆ. ಬೀಕಾನೇರ್ ಜಿಲ್ಲೆಯ ಆ ಊರಲ್ಲಿ ಉಪ್ಪುನೀರಿನ ತಗ್ಗಿದೆ, ಮಾರವಾಡಿಯಲ್ಲಿ ಲೂಣ್ ಅಂದರೆ ಉಪ್ಪು, ಆದ್ದರಿಂದ ಇದು ಉಪ್ಪಿನ ಕೆರೆಯ ಊರು ಅಂತ ತೀರ್ಪು ಕೊಟ್ಟಿದ್ದೀಯ. ಅಷ್ಟು ಸಲೀಸಾಗಿ ಹೊಂದಿಕೊಂಡಾಗಲೇ ಅನುಮಾನ ಬರಬೇಕಿತ್ತು. ‘ಸರ’ ಅಂದರೆ ಕೆರೆ, ಅದು ಸರಿ. ಅದರ ಹಿಂದೆ ಇರುವುದು 1505ರಿಂದ 1526ರವರೆಗೆ ಬೀಕಾನೇರ್ ಆಳಿದ ರಾವ್ ಲೂಣಕರಣನ ಹೆಸರು. ಅಕ್ಕಪಕ್ಕ ಕಣ್ಣು ಹಾಯಿಸಿದ್ದರೆ ನಿನಗೇ ಹೊಳೆಯುತ್ತಿತ್ತು. ಬೀದಾಸರದಲ್ಲಿ ಬೀಕಾನೇರ್ ಕಟ್ಟಿದ ರಾವ್ ಬೀಕಾನ ತಮ್ಮ ಬೀದಾ ಇದ್ದಾನೆ, ನಾಪಾಸರದಲ್ಲಿ ನಾಪಾ ಸಾಂಖಲಾ ಇದ್ದಾನೆ. ಒಬ್ಬ ಮನುಷ್ಯನ ಹೆಸರಿಗೆ ‘ಸರ’ ಸೇರಿಸುವುದು ಆ ಸೀಮೆಯ ವಾಡಿಕೆ. ಒಂಟಿ ಹೆಸರನ್ನು ಎಂದೂ ಒಡೆಯಬೇಡ. ಅದೇ ಬಾಲದ ಹತ್ತು ಹೆಸರು ಸಾಲಾಗಿ ಬರೆದುಕೊಂಡು ಆಮೇಲೆ ಕೈ ಹಚ್ಚು. ಲೂಣೀ ನದಿಯ ಬಗ್ಗೆ ನೀನು ಬರೆದ ಉಪ್ಪಿನ ಮಾತು ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ನೀರೇ ಸಾಕ್ಷಿ: ಅಜಮೇರದ ಬಳಿ ಅರಾವಳಿಯಲ್ಲಿ ಹುಟ್ಟಿ, ಬಾಲೋತರಾದವರೆಗೆ ಸಿಹಿಯಾಗಿದ್ದು, ಅಲ್ಲಿಂದಾಚೆ ಸವಳಾಗಿ ಕಚ್ಛದ ರಣಕ್ಕೆ ಇಳಿಯುತ್ತದೆ.

ನೀರಿನ ಪದಗಳನ್ನೆಲ್ಲ ‘ಬಾವಿ’ ಅಂತ ಒಂದೇ ಏಟಿಗೆ ಸಾರಿಸಿಬಿಟ್ಟಿದ್ದೀಯಲ್ಲ, ಅದಕ್ಕೆ ಕ್ಷಮೆಯಿಲ್ಲ. ನಾಡಿ ಅಂದರೆ ಮಳೆನೀರು ನಿಲ್ಲುವ ಹಳ್ಳಿಯ ಕಟ್ಟೆ. ಟಾಂಕಾ ಅಂದರೆ ಸುತ್ತಲಿನ ನೆಲವನ್ನು ಇಳಿಜಾರು ಮಾಡಿ ನೀರು ತುಂಬಿಸುವ ಮುಚ್ಚಿದ ತೊಟ್ಟಿ. ಕೂಈ ಅಥವಾ ಬೇರಿಯ ಲೆಕ್ಕವೇ ಬೇರೆ. ಮರಳಿನಡಿ ಕೆಲವು ಕಡೆ ಜಿಪ್ಸಮ್ಮಿನ ಪದರ ಇರುತ್ತದೆ. ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿಗೆ ಸೇರದಂತೆ ಅದು ತಡೆಯುತ್ತದೆ. ಆ ಪದರದವರೆಗೆ, ಒಬ್ಬ ಮನುಷ್ಯ ಕಷ್ಟಪಟ್ಟು ಕೂರುವಷ್ಟು ಕಿರಿದಾಗಿ ತೋಡುತ್ತಾರೆ. ಬಾಯಿ ಕಿರಿದಾದಷ್ಟೂ ಆವಿಯಾಗುವುದು ಕಡಿಮೆ. ಪದರ ತೂತಾದರೆ ಸಿಹಿನೀರು ಹೋಯಿತು. ಹೆಸರಲ್ಲಿ ಬೇರಿ ಇದ್ದರೆ ನೆಲದಡಿ ಆ ಪದರ ಇದೆಯೇ ಅಂತ ಮೊದಲು ವಿಚಾರಿಸು. ಗಂಗಾನಗರದ ಕಡೆಯಾದರೆ ಇನ್ನೂ ಹುಷಾರು, ಅಲ್ಲಿನ ಪಂಜಾಬಿ ಮಾತಿನಲ್ಲಿ ಬೇರಿ ಅಂದರೆ ಬೋರೆ ಮರ.

ಹಳೆಯ ರೂಪ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ. ಹದಿನೇಳನೇ ಶತಮಾನದಲ್ಲಿ ಜೋಧಪುರದ ದಿವಾನನಾಗಿದ್ದ ಮುಹಣೋತ ನೈಣಸಿ ಮಾರವಾಡದ ಪರಗಣಗಳ, ಅಂದರೆ ಕಂದಾಯ ವಿಭಾಗಗಳ, ‘ವಿಗತ’ (ವಿವರದ ದಾಖಲೆ) ಬರೆಸಿಟ್ಟಿದ್ದಾನೆ. ಊರು, ಕಸಬೆಯಿಂದ ದೂರ ಮತ್ತು ದಿಕ್ಕು, ಬಾವಿ, ಕಂದಾಯ, ಎಲ್ಲ ಇದೆ. ಫಲೋದಿ, ಪೋಕರಣ ಅದರೊಳಗೆ ಬರುತ್ತವೆ. ಬೀಕಾನೇರ್ ಬರುವುದಿಲ್ಲ, ಅದಕ್ಕೆ ಬೀಕಾನೇರಿನಲ್ಲೇ ಇರುವ ರಾಜ್ಯ ಪತ್ರಾಗಾರದ ‘ಬಹಿ’ಗಳನ್ನು, ಅಂದರೆ ಹಳೆಯ ಲೆಕ್ಕದ ಪುಸ್ತಕಗಳನ್ನು, ತಿರುವಬೇಕು. ಇಸವಿ ಹಾಕುವಾಗ ವಿಕ್ರಮ ಸಂವತ್ತಿನಿಂದ ಸಲೀಸಾಗಿ 57 ಕಳೆದುಬಿಟ್ಟಿದ್ದೀಯ. ಮಾರವಾಡದ ದಫ್ತರದ ವರ್ಷ ಚೈತ್ರಕ್ಕಲ್ಲ, ಶ್ರಾವಣಕ್ಕೆ ಶುರುವಾಗುತ್ತಿತ್ತು. ಅಲ್ಲಿನ ಸಂವತ್ 1720ರ ವೈಶಾಖ 1663ರಲ್ಲಿ ಬೀಳುವುದಿಲ್ಲ, 1664ರಲ್ಲಿ ಬೀಳುತ್ತದೆ. ಇನ್ನೊಂದು, ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮ ಚೈತ್ರ ಬಹುಳ ಅವರಿಗೆ ವೈಶಾಖ ಕೃಷ್ಣಪಕ್ಷ. ಅವರ ದೇವಲಿಗಳು ನಮ್ಮ ವೀರಗಲ್ಲು, ಮಾಸ್ತಿಕಲ್ಲುಗಳ ಜಾತಿಯವೇ. ತಿಥಿ ಓದಬೇಕಾದರೆ ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋಗು. ಅಕ್ಷರ ಕಾಣಲಿ ಅಂತ ಎಣ್ಣೆ ಬಳಿಯುವವರ ಕೈ ಹಿಡಿದು ನಿಲ್ಲಿಸು.

ಜೈಸಲ್ಮೇರ್ ಬಳಿಯ ಪಾಳುಬಿದ್ದ ಊರು ಕುಲಧರಾದ ಅಧ್ಯಾಯವನ್ನು ಎಲ್ಲರೂ ಹೊಗಳಿದರು ಅಂದಿದ್ದೀಯ. ಹೊಗಳದೆ ಏನು ಮಾಡುತ್ತಾರೆ, ದೆವ್ವ, ಶಾಪ, ಸುಂದರಿ ಮೂರೂ ಇವೆ. ಜೈಸಲ್ಮೇರಿನ ದಿವಾನ ಸಾಲಿಮ್ ಸಿಂಗನಿಗೆ ಹೆದರಿ ಪಾಲೀವಾಲ ಬ್ರಾಹ್ಮಣರು ಒಂದೇ ರಾತ್ರಿಯಲ್ಲಿ 84 ಊರು ಬಿಟ್ಟರಂತೆ. ಆ 84ನ್ನು ಯಾರು ಎಣಿಸಿದರು? ಚೌರಾಸಿ, ಅಂದರೆ ಎಂಬತ್ತನಾಲ್ಕು, ರಾಜಸ್ಥಾನದಲ್ಲಿ ಊರುಗಳ ಒಂದು ಗುಂಪಿನ ಹೆಸರು. ಬನವಾಸಿ 12000, ಬೆಳ್ವೊಲ 300 ಅಂತ ಶಾಸನಗಳಲ್ಲಿ ಓದಿ ಬೆಳೆದ ಕನ್ನಡದವನು ನೀನು, ನಿನಗೂ ಗೊತ್ತಾಗಲಿಲ್ಲವೇ? ಊರು ಖಾಲಿಯಾಗಲು ತೆರಿಗೆಯ ಕಾಟ, ಬತ್ತಿದ ನೀರು ಕಾರಣ ಅನ್ನುವ ಇತಿಹಾಸಕಾರರಿದ್ದಾರೆ. ಅವರಿಗೆ ನೀನು ಒಂದು ಸಾಲೂ ಕೊಟ್ಟಿಲ್ಲ. ಪಾಲೀವಾಲರ ಖಡೀನು ನಿನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ, ಮಳೆಗಾಲದ ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋದಿ, ಕಡಲೆ ಬೆಳೆಯುವ ಜಾಣತನ ಅದು. ಶಾಪಕ್ಕೆ ಹನ್ನೊಂದು ಪುಟ, ಒಡ್ಡಿಗೆ ಸೊನ್ನೆ.

ಕಾಲುವೆ ಬಂದ ಮೇಲಿನ ಹೆಸರುಗಳು ನೀರಸ ಅಂತ ಬಿಟ್ಟಿದ್ದೀಯ. ನನಗೇನೋ ಅವೇ ಇಷ್ಟ. 1958ರಲ್ಲಿ ಶುರುವಾದ, ಈಗ ಇಂದಿರಾ ಗಾಂಧಿ ಕಾಲುವೆ ಅನ್ನುವ ಕಾಲುವೆಯ ಗುಂಟ ‘465 ಆರ್‌ಡಿ’ ಅನ್ನುವಂಥ ಹೆಸರುಗಳಿವೆ. ಒಂದು ಆರ್‌ಡಿ ಅಂದರೆ 1000 ಅಡಿ. ಅಲ್ಲಿಗೆ ಆ ಹೆಸರಲ್ಲಿರುವುದು ಕಾಲುವೆಯ ಸೊನ್ನೆ ಗುರುತಿನಿಂದ ಸುಮಾರು 142 ಕಿಲೋಮೀಟರ್ ದೂರ. ಕಟ್ಟುಕಥೆಗೆ ಜಾಗವೇ ಇಲ್ಲದ ಹೆಸರು! 1805ರಲ್ಲಿ ಬೀಕಾನೇರಿನವರು ಹನುಮಂತನ ವಾರವಾದ ಮಂಗಳವಾರ ಗೆದ್ದರೆಂದು ಭಟನೇರ್ ಹನುಮಾನಗಢವಾದದ್ದನ್ನು ಬರೆದಿದ್ದೀಯ, ಇವನ್ನೂ ಅದರ ಪಕ್ಕ ಕೂರಿಸು.

ಕಡೆಗೆ ಬರಹದ ವಿಚಾರ. ಹಿಂದಿ ಫಲಕ ನೋಡಿ ಎಲ್ಲ ಕಡೆ ‘ಲ’ ಹಾಕಿದ್ದೀಯ. ಮಾರವಾಡಿಯಲ್ಲಿ ನಮ್ಮ ಹಾಗೇ ‘ಳ’ ಇದೆ. ಅವರ ಬಾಯಲ್ಲಿ ಅದು ಪಾಳಿ, ಜಾಳೋರ್, ಥಳಿ. ಹಿಂದಿಯವರು ಬರೆಯಲಾಗದ್ದನ್ನು ನೀನು ಬರೆಯಬಲ್ಲೆ, ಆ ಅನುಕೂಲ ಬಿಡಬೇಡ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಆ ಜಿಲ್ಲೆಗಳ ಹಿರಿಯರು ಕೂತಿರುತ್ತಾರೆ. ಪಟ್ಟಿ ತೆಗೆದುಕೊಂಡು ಹೋಗಿ ಒಂದೊಂದೇ ಹೆಸರು ಹೇಳಿಸು. ನೀನು ಮೊದಲು ಉಚ್ಚರಿಸಬೇಡ, ನಿನ್ನ ಮರ್ಯಾದೆಗೆ ಹೂಂ ಅಂದುಬಿಡುತ್ತಾರೆ. ಹಬ್ಬದ ವ್ಯಾಪಾರ ಮುಗಿದ ಮೇಲೆ ಹೋಗು, ಆಗ ಬಿಡುವಾಗಿರುತ್ತಾರೆ. ತಿದ್ದಿದ ಪಟ್ಟಿಯನ್ನು ಮೊದಲು ಕಳಿಸು, ಅಧ್ಯಾಯಗಳು ಆಮೇಲೆ ಬರಲಿ.

ಇಂತಿ,
ನಿನ್ನ ಅಣ್ಣ