ಜಪಾನೀ ಭಾಷೆಗೆ ಕನ್ನಡದ ದಾರಿಯೇ ಹತ್ತಿರ

ಮಾನ್ಯರೇ,

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನಮ್ಮ ಮಕ್ಕಳಿಗೆ ಜಪಾನೀ ಭಾಷೆ ಕಲಿಸುವ ರೀತಿಯ ಬಗ್ಗೆ ಒಂದು ಮಾತು ಹೇಳಬೇಕಿದೆ.

ನನ್ನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಜಪಾನೀ ಭಾಷೆಯ ಎನ್5 ಪರೀಕ್ಷೆ ಬರೆಯುತ್ತೇನೆಂದು ಒಂದು ಕೋಚಿಂಗ್ ಕ್ಲಾಸಿಗೆ ಸೇರಿದಳು. ಐದು ಹಂತಗಳಲ್ಲಿ ಅದೇ ಎಲ್ಲಕ್ಕಿಂತ ಸುಲಭದ್ದು. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಜಪಾನೀ ಪದಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಸುತ್ತಿದ್ದರು. ಎರಡು ತಿಂಗಳಾದರೂ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ರಾತ್ರಿ ನೋಟ್ಸ್ ಮುಂದೆ ಕೂತು ಅಳುತ್ತಿದ್ದಳು. ಫೀಸು ಹೋಗಿದ್ದಕ್ಕಿಂತ ಅದನ್ನು ನೋಡಿ ನನಗೆ ಜಾಸ್ತಿ ಸಂಕಟವಾಯಿತು.

ಒಂದು ದಿನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಟ್ಟೆ ಚೂರಿನ ಪುಟ್ಟ ಪುಟ್ಟ ಗೊಂಬೆಗಳನ್ನು ಕೆಂಪು ದಾರಕ್ಕೆ ಪೋಣಿಸಿ ಸೂರಿಗೆ ತೂಗುಬಿಟ್ಟಿದ್ದರು. ಅದರ ಹೆಸರು ತ್ಸುರುಷಿ ಬಿನಾ. ಜಪಾನಿನಲ್ಲಿ ಮಾರ್ಚ್ 3 ಹೆಣ್ಣುಮಕ್ಕಳ ಹಬ್ಬ. ನಮ್ಮ ದಸರಾ ಗೊಂಬೆಯ ಹಾಗೆಯೇ ಮೆಟ್ಟಿಲಿಗೆ ಕೆಂಪು ಬಟ್ಟೆ ಹಾಸಿ, ಮೇಲೆ ರಾಜ-ರಾಣಿಯನ್ನು ಕೂರಿಸುತ್ತಾರೆ. ಆ ಗೊಂಬೆಗಳಿಗೆ ದುಡ್ಡು ಬಹಳ. ಇನಾತೊರಿ ಎಂಬ ಸಮುದ್ರದ ಊರಿನಲ್ಲಿ, ಅವನ್ನು ಕೊಳ್ಳಲಾಗದ ಮನೆಯವರು ಹಳೇ ಕಿಮೊನೊ ಚೂರುಗಳಲ್ಲಿ ಮಗಳಿಗಾಗಿ ಇವನ್ನು ಹೊಲಿಯುತ್ತಿದ್ದರಂತೆ. ನಮ್ಮ ಅಜ್ಜಿಯರು ಹಳೇ ಸೀರೆಯಲ್ಲಿ ಕೌದಿ ಹೊಲಿದ ಹಾಗೇ ಅಲ್ವಾ?

ಮಾಡೋಣ ಬಾ ಎಂದೆ. ಅಂಗಡಿಯಲ್ಲಿ ಚಿಂದಿಗೆ ಬರವಿಲ್ಲ. ಒಂದೇ ಷರತ್ತು ಹಾಕಿದೆ. ಕೈಗೆ ಏನು ಬೇಕಾದರೂ ಜಪಾನೀ ಭಾಷೆಯಲ್ಲೇ ಕೇಳಬೇಕು.

ಮೊದಲು ಮೆಣಸಿನಕಾಯಿ ಮಾಡಿದೆವು. ತೋಗರಷಿ. ನಾವು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತೇವೆ. ಅಲ್ಲೂ ಕೆಡುಕು ಬಾರದಿರಲಿ ಎಂದು ಇದನ್ನು ತೂಗುಹಾಕುತ್ತಾರೆ. ಗುಳೇದಗುಡ್ಡದ ಕೆಂಪು ಖಣದ ಚೂರನ್ನು ಉದ್ದಕ್ಕೆ ಮಡಚಿ ಹೊಲಿದು, ಕಡ್ಡಿಯಿಂದ ಒಳಮೈ ಹೊರಗೆ ತಿರುಗಿಸಿದೆ. ತುದಿ ಚೂಪಾಗಿ ಬರಬೇಕು, ಅದೇ ಕಷ್ಟ. ಮಗಳು ಹೇಳಿದಳು: 'ವತ ಒ ಇರೆತೆ ಕುದಸಾಯ್.' ವತ ಅಂದರೆ ಹತ್ತಿ. ಒ ಅಂದರೆ ನಮ್ಮ 'ಅನ್ನು'. ಇರೆತೆ, ಹಾಕಿ. ಕುದಸಾಯ್, ಕೊಡಿ. ಹತ್ತಿಯನ್ನು ಹಾಕಿ ಕೊಡಿ! ಒಂದು ಪದವೂ ಹಿಂದೆ ಮುಂದೆ ಆಗಲಿಲ್ಲ. ಹತ್ತಿಯ ಊರಿನವಳು ನಾನು, ಈ ವಾಕ್ಯವನ್ನು ಇನ್ನು ಮರೆಯುವುದಿಲ್ಲ.

ಆಮೇಲೆ ಒಂದೊಂದೇ ಗಂಟು ಬಿಚ್ಚಿಕೊಂಡಿತು. 'ನುತ್ತೆ ಮಿತೆ' ಅಂದರೆ ಹೊಲಿದು ನೋಡು. ಇಲ್ಲಿ 'ನೋಡು' ಅಂದರೆ ಕಣ್ಣಿಂದ ನೋಡುವುದಲ್ಲ, ಪ್ರಯತ್ನ ಮಾಡು ಎಂದು. ಕ್ಲಾಸಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿದಿತ್ತಂತೆ. ಕನ್ನಡದ ಮಗುವಿಗೆ ಅರ್ಧ ನಿಮಿಷ ಸಾಕು.

ನಮ್ಮ ಲಿಪಿಯ ಉಪಕಾರ ಇನ್ನೂ ದೊಡ್ಡದು. 'ಕಿತೆ ಕುದಸಾಯ್' ಅಂದರೆ ಬನ್ನಿ. 'ಕಿತ್ತೆ ಕುದಸಾಯ್' ಅಂದರೆ ಕತ್ತರಿಸಿ ಕೊಡಿ. ನಡುವೆ ಒಂದು ಒತ್ತಕ್ಷರ ಅಷ್ಟೇ. ಒಬಸನ್ ಅತ್ತೆ, ಒಬಾಸನ್ ಅಜ್ಜಿ. ಅಲ್ಲಿ ಒಂದು ದೀರ್ಘ. ಕಾಗುಣಿತ ಕಲಿತವರು ಇದರಲ್ಲಿ ತಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಾಗ ನನ್ನ ಮಗಳು ಎರಡನ್ನೂ ಒಂದೇ ಥರ ಓದುತ್ತಿದ್ದಳು.

ಎಣಿಕೆ ಮಾತ್ರ ನಿಧಾನಕ್ಕೆ ಬಂತು. ಬಟ್ಟೆಯಂಥ ತೆಳು ವಸ್ತುವನ್ನು ಒಂದು, ಎರಡು ಎಂದು ಎಣಿಸಲು ಇಚಿಮಾಯ್, ನಿಮಾಯ್. ದಾರದಂಥ ಉದ್ದನೆಯದಕ್ಕೆ ಇಪ್ಪೊನ್, ನಿಹೊನ್, ಸಂಬೊನ್. ನಾವೂ ಮನುಷ್ಯರಿಗೆ ಒಬ್ಬ, ಇಬ್ಬರು ಎಂದು ಬೇರೆ ಲೆಕ್ಕ ಇಟ್ಟಿದ್ದೇವಲ್ಲ ಎಂದ ಮೇಲೆ ಅವಳಿಗೆ ಹಿಡಿತ ಸಿಕ್ಕಿತು. ಇನಾತೊರಿಯಲ್ಲಿ ಬಿದಿರಿನ ಒಂದು ಬಳೆಗೆ 5 ದಾರ, ದಾರಕ್ಕೆ 11 ಗೊಂಬೆ, ಒಟ್ಟು 55. ನಮ್ಮದು ಈಗ ಮೂರನೇ ದಾರದಲ್ಲಿದೆ. ಕೋತಿ ಮಾಡಿದ್ದೇವೆ. ಅದರ ಹೆಸರು ಸರು. 'ತೊಲಗು' ಎನ್ನುವುದಕ್ಕೂ ಸರು ಎಂದೇ ಪದ. ಹಾಗಾಗಿ ಕೋತಿ ಕಟ್ಟಿದರೆ ಕಷ್ಟ ತೊಲಗುತ್ತದೆ ಎಂಬ ನಂಬಿಕೆ. ಇಂಥ ಪದವನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಹೊಲಿಯುತ್ತಾ ಹೊಲಿಯುತ್ತಾ ಅದೇ ಉಳಿದುಬಿಡುತ್ತದೆ.

ನನ್ನ ಕೋರಿಕೆ ಇಷ್ಟೇ. ಜಪಾನೀ ಬಲ್ಲ ಕನ್ನಡಿಗರು ಮೊದಲ ಹಂತದ ಪಾಠಗಳನ್ನು ಕನ್ನಡದಲ್ಲೇ, ಕನ್ನಡ ಲಿಪಿಯ ಸಹಾಯದಿಂದ ಬರೆದುಕೊಡಲಿ. ಹಿರಗಾನಾ ಎಂಬ ಜಪಾನೀ ಲಿಪಿಯ 46 ಅಕ್ಷರಗಳನ್ನು ಮಕ್ಕಳು ಜೊತೆಜೊತೆಗೇ ಕಲಿಯಲಿ. ನಮ್ಮೂರಿನ ಗ್ರಂಥಾಲಯವೋ ಕಾಲೇಜೋ ದಸರಾ ರಜೆಯಲ್ಲಿ ಒಂದು ಕೋಣೆ, ಒಂದು ಚಾಪೆ ಕೊಡಲಿ. ಸೂಜಿ, ದಾರ, ಒಂದು ಮೂಟೆ ಚಿಂದಿ ನಾನು ತರುತ್ತೇನೆ. ಬುಧವಾರ ನನಗೆ ಅಂಗಡಿ ರಜೆ.

– ಒಬ್ಬ ಟೈಲರ್, ನಿಟುವಳ್ಳಿ, ದಾವಣಗೆರೆ